ಊರಿಗೆ ಮರಳಿದ ಮೇಲಿನ ದಿನಗಳು

ಸುಟ್ಟ ಕೈಗೆ ಚರ್ಮದ ಕಸಿ ಮಾಡಿಸಿಕೊಂಡು ಹೈದರಾಬಾದಿನಿಂದ ಬೀದರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸನ್ನೇರಿ ಭಾಲ್ಕಿಗೋ ಔರಾದಕ್ಕೋ ಮರಳಿದ ರೋಗಿಯನ್ನು ನೋಡಬಂದ ನೆಂಟರು, ಆಪರೇಷನ್ ಮುಗಿಯಿತಲ್ಲ, ಇನ್ನು ಭಯವಿಲ್ಲವೆಂದು ಸಮಾಧಾನ ಹೇಳುವುದು ಲೋಕರೂಢಿ. ಆದರೆ ಪ್ಲಾಸ್ಟಿಕ್ ಸರ್ಜರಿಯ ಅಪಾಯಗಳಲ್ಲಿ ಅನೇಕವು ಶಸ್ತ್ರಾಗಾರದ ಬಾಗಿಲನ್ನು ದಾಟಿದ ಮೇಲೆ, ಮೂರನೆಯ ದಿನಕ್ಕೋ ಹತ್ತನೆಯ ದಿನಕ್ಕೋ, ಕೆಲವಂತೂ ತಿಂಗಳುಗಳು ಉರುಳಿದ ಮೇಲೆ ತಲೆದೋರುವಂಥವು. ವೈದ್ಯನು ದೂರದ ನಗರದಲ್ಲಿಯೂ ರೋಗಿಯು ಹಳ್ಳಿಯಲ್ಲಿಯೂ ಇರುವ ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಗಮನವು ಸಲ್ಲಬೇಕು.

ಚರ್ಮವು ರಕ್ತವಿಲ್ಲದೆ ಬದುಕದು. ಈ ವಿದ್ಯೆಯ ಸಾಮರ್ಥ್ಯವೂ ಅಪಾಯವೂ ಅಷ್ಟರಲ್ಲಿಯೇ ಅಡಗಿವೆ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಸಮೀಪದ ದೇಶೀಯ ವೈದ್ಯನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹಣೆಯಿಂದ ಇಳಿಸಿದ ಚರ್ಮವು ಹೊಸ ಸ್ಥಾನದಲ್ಲಿ ರಕ್ತಸಂಬಂಧವನ್ನು ಪಡೆಯುವವರೆಗೆ, ಹುಬ್ಬುಗಳ ನಡುವಣ ತೊಟ್ಟನ್ನು ಸುಮಾರು 25 ದಿನ ಕತ್ತರಿಸದೆ ಕಾದಿದ್ದ ಆ ಕುಶಲಿಯ ತಾಳ್ಮೆಯನ್ನು ನಾನು ಅವನ ಕೈಚಳಕಕ್ಕಿಂತ ಹಿರಿದೆಂದು ಎಣಿಸುತ್ತೇನೆ.

ತೊಡೆಯಿಂದ ತೆಳುವಾಗಿ ತೆಗೆದು ಬೇರೆಡೆಗೆ ಹಚ್ಚುವ ಕಸಿಚರ್ಮಕ್ಕೆ ಅಂಥ ತೊಟ್ಟಿನ ಆಸರೆಯೂ ಇಲ್ಲ. ಮೊದಲ ಎರಡು ದಿನ ಅದು ಗಾಯದ ತಳದಿಂದ ಒಸರುವ ದ್ರವವನ್ನು ಹೀರಿಯೇ ಜೀವ ಹಿಡಿದಿರುತ್ತದೆ. ಬಳಿಕ ಸೂಕ್ಷ್ಮ ರಕ್ತನಾಳಗಳು ಒಳಹೊಕ್ಕು, ಐದಾರು ದಿನಗಳಲ್ಲಿ ಅಂಟು ಬಲಿಯುತ್ತದೆ. ಅಷ್ಟರೊಳಗೆ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ, ಕೀವು ತುಂಬಿದರೂ, ಬಸ್ಸಿನ ಕುಲುಕಾಟದಲ್ಲಿ ಪಟ್ಟಿ ಸರಿದು ಚರ್ಮ ಕದಲಿದರೂ ಕಸಿಯು ಕಪ್ಪಾಗಿ ಸತ್ತುಹೋಗುವುದುಂಟು. ಆದುದರಿಂದ ಪಟ್ಟಿಯನ್ನು ಮೊದಲ ಬಾರಿ ಬಿಚ್ಚುವವರೆಗೆ ಆಸ್ಪತ್ರೆಯ ಊರಿನಲ್ಲಿಯೇ ಉಳಿಯುವ ಖರ್ಚು ಎಂದಿಗೂ ವ್ಯರ್ಥವಲ್ಲ. ಬದುಕಿದ ಕಸಿಯೂ ಕ್ರಮೇಣ ಕುಗ್ಗಿ ಬೆರಳನ್ನೋ ಕತ್ತನ್ನೋ ಎಳೆಯಬಹುದಾದ್ದರಿಂದ, ವೈದ್ಯರು ಹೇಳಿದ ವ್ಯಾಯಾಮವನ್ನೂ ಬಿಗಿಪಟ್ಟಿಯನ್ನೂ ತಿಂಗಳುಗಟ್ಟಲೆ ಬಿಡದೆ ನಡೆಸಬೇಕು. ತೆಳುಗಸಿಯಲ್ಲಿ ಬೆವರಿನ ಮತ್ತು ಜಿಡ್ಡಿನ ಗ್ರಂಥಿಗಳು ಕೆಲಸಮಾಡದ ಕಾರಣ ಅದು ಒಣಗಿ ಬಿರಿಯುತ್ತದೆ, ಬಿಸಿಲಿಗೆ ಬೇಗ ಕಪ್ಪಿಡುತ್ತದೆ. ಬೀದರದ ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಎಣ್ಣೆಯೂ ತುಂಬುತೋಳಿನ ಅಂಗಿಯೂ ಔಷಧಿಗೆ ಸಮಾನ.

ಇನ್ನು ಕೆಲವರ ಮೈಯಲ್ಲಿ ಗಾಯದ ಕಲೆಯು ತನ್ನ ಎಲ್ಲೆ ಮೀರಿ ಕೀಲಾಯ್ಡ್ ಎಂಬ ಗಂಟಾಗಿ ಬೆಳೆಯುವುದು. ಎದೆ, ಭುಜ, ಕಿವಿಯ ಹಾಲೆಗಳಲ್ಲಿ ಇದು ಹೆಚ್ಚು, ಬರಿದೇ ಕೊಯ್ದು ತೆಗೆದರೆ ಮತ್ತೆ ಬರುವ ಸ್ವಭಾವದ್ದು. ಕಿವಿ ಚುಚ್ಚಿದಾಗ ಗಂಟಾಗಿತ್ತೆಂಬ ಸಣ್ಣ ಸಂಗತಿಯನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಬೀಡಿ ಸಿಗರೇಟುಗಳ ನಿಕೊಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಗಾಯದ ಅಂಚಿನ ಚರ್ಮವನ್ನು ಕೊಲ್ಲಬಹುದು. ಗುಟ್ಕಾದಲ್ಲಿರುವುದೂ ಅದೇ ನಿಕೊಟಿನ್ನಾದ್ದರಿಂದ, ಸೇದುವುದಿಲ್ಲ, ಬರಿ ಜಗಿಯುತ್ತೇನೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ರೂಪಕ್ಕಾಗಿಯೇ ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಗಳ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚು ಅಳುಕುತ್ತದೆ. ಕನ್ನಡ ಧಾರಾವಾಹಿಗಳ ನಟಿ ಚೇತನಾ ರಾಜ್ 2022ರ ಮೇ 16ರಂದು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬೆನ್ನಲ್ಲಿಯೇ ತೀರಿಕೊಂಡಾಗ ಆಕೆಗೆ 21 ವರ್ಷ. ತಂದೆತಾಯಿಗಳಿಗೆ ಮುಂಚಿತವಾಗಿ ತಿಳಿದಿರಲಿಲ್ಲವೆಂದೂ ಶ್ವಾಸಕೋಶದಲ್ಲಿ ನೀರು ತುಂಬಿತ್ತೆಂದೂ ಪತ್ರಿಕೆಗಳು ವರದಿಮಾಡಿದವು. ಲೈಪೋಸಕ್ಷನ್ ಎಂಬ ಈ ಕೊಬ್ಬು ತೆಗೆಯುವ ಕ್ರಿಯೆಯಲ್ಲಿ ಚರ್ಮದಡಿಗೆ ಅಪಾರ ದ್ರವವನ್ನೂ ಲಿಗ್ನೊಕೇನ್ ಔಷಧವನ್ನೂ ತುಂಬಬೇಕಾಗುತ್ತದೆ; ಪ್ರಮಾಣ ತಪ್ಪಿದರೆ ಶ್ವಾಸಕೋಶವೂ ಹೃದಯವೂ ಅಪಾಯಕ್ಕೀಡಾಗುತ್ತವೆ, ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿಯೂ ಉಸಿರು ಕಟ್ಟಬಹುದು. 5 ಲೀಟರಿಗೂ ಮೇಲ್ಪಟ್ಟು ತೆಗೆದಾಗ ರಾತ್ರಿಯೆಲ್ಲ ಆಸ್ಪತ್ರೆಯ ನಿಗಾ ಬೇಕೆಂಬುದು ಪರಿಣತರ ಮತ. ಸೂಜಿಯಿಂದ ಮೂಗನ್ನು ತಿದ್ದುವ ಫಿಲ್ಲರ್ ಕೂಡ ನಿರಪಾಯಕರವಲ್ಲ. ತಪ್ಪಿ ರಕ್ತನಾಳವನ್ನು ಹೊಕ್ಕರೆ ದೃಷ್ಟಿಯೇ ಹೋಗಬಹುದು. ಇದನ್ನು ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳುವುದು ಸರ್ವಥಾ ಸಲ್ಲದು. ವೈದ್ಯರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಇಲ್ಲವೆ ಡಿ.ಎನ್.ಬಿ. ಪದವಿ ಇದೆಯೇ, 2007ರ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಆಸ್ಪತ್ರೆಯು ನೋಂದಣಿಯಾಗಿದೆಯೇ, ಅರಿವಳಿಕೆ ತಜ್ಞರೂ ತೀವ್ರ ನಿಗಾ ಘಟಕವೂ ಉಂಟೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಹದಿನೈದನೆಯ ಶತಮಾನದಲ್ಲಿ ಬಹಮನಿ ದೊರೆ ಅಲಾಉದ್ದೀನ್ ಅಹಮದನು ಬೀದರದಲ್ಲಿ ಆಸ್ಪತ್ರೆಯನ್ನು ಕಟ್ಟಿಸಿ, ಹಿಂದೂ ಮುಸಲ್ಮಾನ ವೈದ್ಯರನ್ನು ನಿಯಮಿಸಿ, ರೋಗಿಗಳ ಔಷಧಕ್ಕೂ ಆಹಾರಕ್ಕೂ ಹಳ್ಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಚಿಕಿತ್ಸೆಯೊಡನೆ ಶುಶ್ರೂಷೆಯ ವೆಚ್ಚವನ್ನೂ ಎಣಿಸಿದ ಆ ವಿವೇಕವು ಇಂದಿನ ಕುಟುಂಬದ ಲೆಕ್ಕದಲ್ಲಿಯೂ ಇರಬೇಕು. ಮರಳುವ ದಾರಿಯೂ ಆ ಲೆಕ್ಕಕ್ಕೆ ಸೇರಬೇಕು: ಬೆಂಗಳೂರಿನಿಂದ ಇಡೀ ರಾತ್ರಿ ಕುಳಿತೇ ಬರುವ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶವನ್ನು ಸೇರುವ ಭಯವುಂಟು. ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಹಠಾತ್ತಾಗಿ ಏದುಸಿರು ಬರುವುದು, ಜ್ವರದೊಡನೆ ಗಾಯವು ಕೆಂಪೇರಿ ನಾರುವುದು, ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದ ವೈದ್ಯರ ಫೋನಿಗಾಗಿ ಕಾಯುತ್ತ ಕೂಡದೆ ತಾಲೂಕು ಆಸ್ಪತ್ರೆಗೋ ಬೀದರದ ಬ್ರಿಮ್ಸ್ ಆಸ್ಪತ್ರೆಗೋ ಒಡನೆಯೇ ಹೊರಡಬೇಕು. ಏನು ಮಾಡಿದರು, ಯಾವ ಔಷಧ ಕೊಟ್ಟರು ಎಂಬುದನ್ನು ಬರೆದ ಬಿಡುಗಡೆಯ ಚೀಟಿಯನ್ನು ಆಗ ಜೊತೆಯಲ್ಲಿ ಒಯ್ದರೆ, ಅಲ್ಲಿಯ ವೈದ್ಯರು ಆರಂಭದಿಂದ ವಿಚಾರಿಸುತ್ತ ಹೊತ್ತು ಕಳೆಯಬೇಕಾಗುವುದಿಲ್ಲ.