ಅಶ್ವಶಕ್ತಿ ಎಷ್ಟು? ಯಾವ ಪೆಟ್ರೋಲಿಗೆ?

ಅಮೆರಿಕದ ರೈತನಿಗೆ ಪಿಕಪ್ ವಾಹನವೆಂದರೆ ನಮ್ಮ ಎತ್ತಿನ ಗಾಡಿಯಿದ್ದಂತೆ. ಮೇವು, ಗೊಬ್ಬರ, ದನಕರು ಎಲ್ಲ ಸಾಗಣೆಗೂ ಅದೇ ಬೇಕು. ಈ ಗಿರಾಕಿಗಾಗಿ ಫೋರ್ಡ್, ಷೆವರ್ಲೆ, ರ‍್ಯಾಮ್ ಕಂಪನಿಗಳ ನಡುವೆ ಭಾರಿ ಪೈಪೋಟಿ. 2021ರ ಮಾದರಿಗಳನ್ನೇ ನೋಡಿ: ಫೋರ್ಡಿನ 5 ಲೀಟರ್ ಎಂಜಿನ್ನಿಗೆ 400 ಅಶ್ವಶಕ್ತಿ, ಷೆವರ್ಲೆಯ 6.2 ಲೀಟರಿನದಕ್ಕೆ 420, ರ‍್ಯಾಮಿನ 5.7 ಲೀಟರಿನದಕ್ಕೆ 395.

ಈ ಅಂಕಿಗಳನ್ನು ಹಾಗೆಯೇ ಒಂದೇ ತಕ್ಕಡಿಗೆ ಹಾಕಲಾಗದು. ಫೋರ್ಡಿನ 400 ದುಬಾರಿ ದರ್ಜೆಯ ಪೆಟ್ರೋಲ್ ಹಾಕಿ ಅಳೆದದ್ದು. ಷೆವರ್ಲೆಯ ಆ ಎಂಜಿನ್ನಿಗೂ ಅದೇ ದರ್ಜೆಯ ಶಿಫಾರಸು. ರ‍್ಯಾಮಿಗೆ ನಡುದರ್ಜೆಯ 89 ಆಕ್ಟೇನ್. ಜಾಹೀರಾತಿನಲ್ಲಿ ಅಶ್ವಶಕ್ತಿ ದಪ್ಪ ಅಕ್ಷರದಲ್ಲಿರುತ್ತದೆ, ಪೆಟ್ರೋಲಿನ ಮಾತು ಅಡಿಯಲ್ಲಿ ಇರುವೆ ಸಾಲಿನಂತೆ!

ಒತ್ತಡಕ್ಕೆ ಸಿಕ್ಕ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಾಳುತ್ತದೆ ಎಂಬುದನ್ನು ಆಕ್ಟೇನ್ ಸಂಖ್ಯೆ ತಿಳಿಸುತ್ತದೆ. ಫೋರ್ಡಿಗೆ ಸಾದಾ 87 ಹಾಕಿದರೂ ಓಡೀತು. ಕಂಪನಿಯೇ ಅದಕ್ಕೆ ಒಪ್ಪಿದೆ. ಆದರೆ ಸಿಲಿಂಡರಿನಲ್ಲಿ ಬಡಿತದ ಸುಳಿವು ಸಿಕ್ಕೊಡನೆ ಗಣಕಯಂತ್ರವು ಕಿಡಿಯನ್ನು ತಡಮಾಡಿ ಎಂಜಿನ್ನನ್ನು ಕಾಪಾಡುತ್ತದೆ. ಆಗ ಶಕ್ತಿ ಕುಗ್ಗುತ್ತದೆ. ಇದಾಗುವುದು ಹೆಚ್ಚಾಗಿ ಬಿಸಿಲಿನಲ್ಲಿ, ಹೇರು ತುಂಬಿ ದಿಣ್ಣೆ ಹತ್ತುವಾಗ, ಅಂದರೆ ಶಕ್ತಿ ಬೇಕಾದಾಗಲೇ. ಸಾದಾ ಪೆಟ್ರೋಲಿಗೆಂದೇ ತಯಾರಾದ ಎಂಜಿನ್ನಿಗೆ ದುಬಾರಿಯದನ್ನು ಕುಡಿಸಿದರೆ ಕರಗುವುದು ಜೇಬು ಮಾತ್ರ.

ಅಲ್ಲಿನ 87 ಎಂದರೆ ಕಳಪೆ ಎಂದು ತಿಳಿಯಬೇಡಿ. ಅವರದು ಎರಡು ಪರೀಕ್ಷೆಗಳ ಸರಾಸರಿ, ನಮ್ಮಲ್ಲಿ ನಮೂದಿಸುವುದು ಒಂದೇ ಪರೀಕ್ಷೆಯ ಅಂಕಿ. ನಮ್ಮ ಲೆಕ್ಕದಲ್ಲಿ ಅದು ಸುಮಾರು 91.

ನಮ್ಮ ಹಳ್ಳಿಗಳಲ್ಲಿ ಓಡಾಡುವ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್ಲಿನವು. ಅವಕ್ಕೆ ಆಕ್ಟೇನಿನ ಗೊಡವೆಯಿಲ್ಲ. ಪೆಟ್ರೋಲ್ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಕೈಪಿಡಿ ತರಿಸಿ, ಇಂಧನದ ದರ್ಜೆಯ ಪುಟವನ್ನು ಓದಿಸಿಕೊಳ್ಳಿ.