ಲಾರಿಗೆ ಇಂಜಿನ್ ಆರಿಸುವ ಮುನ್ನ

ಹರೂರಿನಿಂದ ಸೇಲಂಗೆ ಹೋಗುವ ಹಾದಿಯಲ್ಲಿ ಮಂಜವಾಡಿ ಕಣಿವೆಯನ್ನು ಏರಿಳಿಯುವ ಭಾರದ ಲಾರಿಗಳನ್ನು ಕಾಣದವರು ನಮ್ಮ ಕಡೆ ವಿರಳ. ಸಬ್ಬಕ್ಕಿ ಕಾರ್ಖಾನೆಗೆ ಹೋಗುವ ಮರಗೆಣಸು, ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು, ಸಂತೆಗೆ ಹೋಗುವ ಹುಣಸೆ, ಎಲ್ಲವೂ ಲಾರಿಯನ್ನೇ ನಂಬಿವೆ. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಹರೂರು ಸೇಲಂ ಜಿಲ್ಲೆಗೇ ಸೇರಿದ್ದಿತು. ಲಾರಿ ಕಸುಬಿಗೆ ಹೆಸರಾದ ಸಂಕಗಿರಿ, ನಾಮಕ್ಕಲ್ ಪಟ್ಟಣಗಳೂ ಆ ಹಳೆಯ ಜಿಲ್ಲೆಯವೇ. ಹೊಲವನ್ನೋ ಹೆಂಡತಿಯ ಒಡವೆಯನ್ನೋ ಅಡವಿಟ್ಟು ಒಂದೇ ಒಂದು ಲಾರಿ ಕೊಳ್ಳುವ ಮನೆಗಳು ಇಲ್ಲಿ ಅನೇಕ. ಅಂಥ ಮನೆಯಲ್ಲಿ ಇಂಜಿನ್ ಕೆಟ್ಟು ನಿಂತರೆ ಸಾಲದ ಕಂತೂ ಮಕ್ಕಳ ಓದೂ ಅದರೊಡನೆಯೇ ನಿಲ್ಲುತ್ತವೆ. ಆದುದರಿಂದ ಇಂಜಿನ್ನಿನ ಆಯ್ಕೆ ಇಡೀ ಸಂಸಾರವೇ ಕುಳಿತು ಯೋಚಿಸಬೇಕಾದ ವಿಷಯ.

ಭಾರವೆಷ್ಟು? ಹಾದಿ ಯಾವುದು?

ತರುಣರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟೆಂದು. ಹಿರಿಯರು ಕೇಳುವುದು ಬೆಲೆ ಎಷ್ಟೆಂದು. ಇವೆರಡಕ್ಕೂ ಮುಂಚೆ ಕೇಳಬೇಕಾದುದು, ಎಷ್ಟು ಭಾರವನ್ನು ಯಾವ ಹಾದಿಯಲ್ಲಿ ಎಳೆಯಬೇಕು ಎಂಬುದು. ಸೇಲಂ ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್. ಸೇಲಂನಲ್ಲಿ ಸರಕು ತುಂಬಿ ಬೆಂಗಳೂರಿಗೆ ಹೊರಟ ಲಾರಿ ತೊಪ್ಪೂರು ಘಾಟಿಯನ್ನು ಏರಲೇಬೇಕು. ಏರಿನಲ್ಲಿ ನೆರವಾಗುವುದು ಇಂಜಿನ್ ನಿಧಾನವಾಗಿ ತಿರುಗುವಾಗಲೂ ದೊರೆಯುವ ತಿರುಗುಬಲ. ಕಸುಬುದಾರರು ಇದನ್ನು ಟಾರ್ಕ್ ಎನ್ನುವರು. ಭಾರಕ್ಕೆ ಸಾಲದ ಇಂಜಿನ್ ಸದಾ ಕಾದು ಬೇಗನೆ ಸವೆಯುತ್ತದೆ. ಅಗತ್ಯಕ್ಕಿಂತ ದೊಡ್ಡದು ದುಡ್ಡನ್ನು ತಿನ್ನುತ್ತದೆ. ಟಾಟಾ ಲಾರಿಗಳ ಹಳೆಯ ಸಂಖ್ಯೆಗಳಲ್ಲೇ ಈ ವಿವೇಕವಿತ್ತು: 1613 ಎಂದರೆ ಸುಮಾರು 16 ಟನ್ ಒಟ್ಟು ತೂಕಕ್ಕೆ 130 ಅಶ್ವಶಕ್ತಿ, 2515 ಎಂದರೆ 25 ಟನ್ನಿಗೆ 150.

ರಿಪೇರಿ ಎಲ್ಲಿ?

ಎರಡನೆಯ ಪ್ರಶ್ನೆ, ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದು. ಟಾಟಾ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಲಾರಿ ತಯಾರಿಕೆಗೆ ತೊಡಗಿತು. 1993ರಲ್ಲಿ ಕಮ್ಮಿನ್ಸ್ ಸಂಸ್ಥೆಯೊಡನೆ ಜಮ್‌ಷೆಡ್‌ಪುರದಲ್ಲಿ ಇಂಜಿನ್ ಕಾರ್ಖಾನೆಗಾಗಿ ಕೈಜೋಡಿಸಿತು. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಹೊಸೂರಿನ ಕಾರ್ಖಾನೆ 1980ರಿಂದ ನಡೆದಿದೆ. ಡೀಸೆಲ್ ಪಂಪು, ನಾಜಲ್‌ಗಳಿಗೆ ಮನೆಮಾತಾದ ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಹೀಗೆ ದಶಕಗಳಿಂದ ನಮ್ಮ ಸುತ್ತಮುತ್ತ ಬಳಕೆಯಲ್ಲಿರುವ ಇಂಜಿನ್ನುಗಳ ಬಿಡಿಭಾಗಗಳೂ ಅವುಗಳ ಮರ್ಮ ಬಲ್ಲ ಮೆಕ್ಯಾನಿಕರೂ ಸುಲಭವಾಗಿ ಸಿಗುತ್ತಾರೆ. ಬಿಡಿಭಾಗಕ್ಕಾಗಿ ಹತ್ತು ದಿನ ಕಾಯಿಸುವ ಇಂಜಿನ್ ಎಷ್ಟು ಉತ್ತಮವಾದರೂ ಒಂದೇ ಲಾರಿಯ ಮನೆಗೆ ಹೊಂದದು.

ಡೀಸೆಲ್ ಲೆಕ್ಕ

ಕೊಳ್ಳುವ ಬೆಲೆಯನ್ನು ಒಮ್ಮೆ ಕೊಡುತ್ತೇವೆ; ಡೀಸೆಲ್ಲಿಗೆ ದಿನವೂ ಕೊಡುತ್ತೇವೆ. ತಿಂಗಳಿಗೆ 6,000 ಕಿಲೋಮೀಟರ್ ಓಡುವ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ 1,500 ಲೀಟರ್ ಬೇಕು. ನಾಲ್ಕೂವರೆ ಕೊಟ್ಟರೆ ಸುಮಾರು 1,333 ಲೀಟರ್ ಸಾಕು. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ 15,000 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ 1,80,000. ಅಗ್ಗವೆಂದು ಕೊಂಡ ಸವೆದ ಇಂಜಿನ್ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಈ ಸಣ್ಣ ಲೆಕ್ಕವೇ ಹೇಳುತ್ತದೆ.

ಹಳೆಯದನ್ನು ಕೊಳ್ಳುವುದಾದರೆ

ಹಳೆಯ ಇಂಜಿನ್ನನ್ನು ಮುಂಜಾನೆ, ಅದು ತಣ್ಣಗಿರುವಾಗಲೇ ನೋಡಬೇಕು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿದ್ದರೆ ಎಚ್ಚರ ಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ರಿಂಗು, ಲೈನರುಗಳು ಸವೆದಿರಬಹುದು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ ದೋಷವಿರಬಹುದು ಅಥವಾ ಒಳಗೆ ನೀರು ಸೇರುತ್ತಿರಬಹುದು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದೇ ತಿಳಿಯಿರಿ. ಆಯಿಲ್ ಹಾಕುವ ಮುಚ್ಚಳ ತೆರೆದಾಗ ಹೊಗೆ ರಭಸದಿಂದ ಉಗಿದರೆ ಆ ವ್ಯಾಪಾರ ಬೇಡ. ಇಂಜಿನ್ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿರುವುದಕ್ಕೆ ಹೊಂದುವುದೇ ಎಂದು ನೋಡದೆ ಮುಂಗಡ ಕೊಡಲಾಗದು.

ಹೊಸದನ್ನು ಕೊಳ್ಳುವುದಾದರೆ

2020ರ ಏಪ್ರಿಲ್ 1ರಿಂದ ಹೊಸ ಲಾರಿಗಳೆಲ್ಲ ಭಾರತ್ ಸ್ಟೇಜ್ ಆರು ನಿಯಮಕ್ಕೆ ಒಳಪಟ್ಟಿವೆ. ಹೊಗೆಯ ಮಸಿಯನ್ನು ಸೋಸುವ ಫಿಲ್ಟರು, ಯೂರಿಯಾ ದ್ರಾವಣದ ಟ್ಯಾಂಕು, ಹತ್ತಾರು ಸೆನ್ಸಾರುಗಳು ಅವುಗಳಲ್ಲಿವೆ. ಗಾಳಿಗೆ ಒಳ್ಳೆಯದು, ಮಕ್ಕಳ ಶ್ವಾಸಕ್ಕೂ ಒಳ್ಳೆಯದು. ಆದರೆ ಕಲಬೆರಕೆ ಡೀಸೆಲ್ಲನ್ನು ಅವು ತಾಳವು. ದೋಷ ಹುಡುಕಲು ಕಂಪ್ಯೂಟರ್ ಬೇಕು. ಆದುದರಿಂದ ಅಧಿಕೃತ ವರ್ಕ್‌ಶಾಪ್ ಎಷ್ಟು ಮೈಲಿ ದೂರ, ವಾರಂಟಿ ಎಷ್ಟು ವರ್ಷ ಎಂಬುದನ್ನು ಬರಹದಲ್ಲಿಯೇ ಪಡೆಯುವುದು ಲೇಸು.

ಇಳಿಜಾರಿನ ಮಾತು

ಇಂಜಿನ್ ಎಳೆಯುವುದಕ್ಕಷ್ಟೇ ಇರುವುದಲ್ಲ, ತಡೆಯುವುದಕ್ಕೂ ಬೇಕು. ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ನಡೆದ ಅಪಘಾತಗಳನ್ನು ನಾವು ಮರೆಯುವಂತಿಲ್ಲ. ಡೀಸೆಲ್ ಉಳಿಸುವೆನೆಂದು ಕೆಲವರು ಅಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುತ್ತಾರೆ. ಇದು ಲೆಕ್ಕದಲ್ಲಿಯೂ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪಂಪು ಡೀಸೆಲ್ಲನ್ನು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೋ ಇಂಜಿನ್ ತಿರುಗಲು ಡೀಸೆಲ್ ಸುಡಲೇಬೇಕು. ಮೇಲಾಗಿ ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದುದರಿಂದ ಎಗ್ಸಾಸ್ಟ್ ಬ್ರೇಕ್ ಸರಿಯಾಗಿ ಕೆಲಸ ಮಾಡುವ ಇಂಜಿನ್ನನ್ನೇ ಆರಿಸಬೇಕು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತನ್ನು ಪಾಲಿಸಬೇಕು.

ಭಾರಕ್ಕೆ ತಕ್ಕ ಬಲ, ಹತ್ತಿರದ ರಿಪೇರಿ, ಮಿತವಾದ ಡೀಸೆಲ್, ಇಳಿಜಾರಿನಲ್ಲಿ ಹಿಡಿತ, ಈ ನಾಲ್ಕೂ ಕೂಡಿದ ಇಂಜಿನ್ ಅಂಗಡಿಯಲ್ಲಿ ಕೊಂಚ ತುಟ್ಟಿಯೆನಿಸಿದರೂ ಮನೆಗೆ ಅಗ್ಗವೇ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಂಬಿಕೆಯ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ; ಹಣದ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳ ಮುಂದೆಯೂ ಇಡಿರಿ. ಒಡವೆ ಅವರದು; ರಾತ್ರಿಯೆಲ್ಲ ಲಾರಿಯ ಸದ್ದಿಗೆ ಕಿವಿಗೊಟ್ಟು ಕಾಯುವವರೂ ಅವರೇ.