ಫ್ರಾನ್ಸಿನ ಭಿತ್ತಿಪತ್ರಗಳು ಮತ್ತು ಅವುಗಳ ಹಿಂದಿನ ಸಮಾಜ

ಶಾಸನವನ್ನೂ ಕಾವ್ಯವನ್ನೂ ಚರಿತ್ರೆಯ ಸಾಕ್ಷ್ಯವೆಂದು ಓದುವುದು ನಮಗೆ ರೂಢಿ. ಗೋಡೆಗೆ ಅಂಟಿಸಿ, ಮಳೆಗೆ ನೆನೆದು ಹರಿದುಹೋಗುವ ಭಿತ್ತಿಪತ್ರವನ್ನೂ ಹಾಗೆ ಓದಬಹುದೆ? ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದ ಪ್ಯಾರಿಸ್ ನಗರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಅಲ್ಲಿ ಈ ಕಲೆ ಬೆಳೆದುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಕಲ್ಲಚ್ಚು. ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ಕಲ್ಲನ್ನು ನೀರಿನಿಂದ ತೋಯಿಸಿದರೆ, ಅಚ್ಚಿನ ಮಸಿ ಚಿತ್ರಕ್ಕೆ ಮಾತ್ರ ಹತ್ತುತ್ತದೆ. ಬಣ್ಣಕ್ಕೊಂದು ಕಲ್ಲಿನಂತೆ ಬಳಸಿ ದೊಡ್ಡ ಹಾಳೆಗಳನ್ನು ಮುದ್ರಿಸುವ ಕ್ರಮವನ್ನು ಜೂಲ್ ಶೆರೆ ಎಂಬಾತ 1866ರಿಂದ ಪ್ಯಾರಿಸಿನಲ್ಲಿ ಬೆಳೆಸಿದನು. ಎರಡನೆಯದು 1881ರ ಜುಲೈ 29ರ ಮುದ್ರಣ ಸ್ವಾತಂತ್ರ್ಯದ ಕಾನೂನು. ನಿಷೇಧಿತ ಸ್ಥಳಗಳನ್ನು ಬಿಟ್ಟು ಉಳಿದೆಡೆ ಭಿತ್ತಿಪತ್ರ ಹಚ್ಚಲು ಅದು ಅವಕಾಶವಿತ್ತಿತು. ಆದರೆ ಬಿಳಿಯ ಕಾಗದದ ಮೇಲೆ ಕರಿಯ ಅಕ್ಷರ ಸರ್ಕಾರದ ಪ್ರಕಟಣೆಗಳಿಗೇ ಮೀಸಲಾಗಿತ್ತು. ಬಿಳುಪು ಅಧಿಕಾರದ ಭಾಷೆಯಾಯಿತು. ಬಣ್ಣ ವ್ಯಾಪಾರದ ಹಾಗೂ ವಿನೋದದ ಭಾಷೆಯಾಯಿತು.

ಈ ಬಣ್ಣಗಳು ಯಾವ ಸಮಾಜವನ್ನು ತೋರುತ್ತವೆ? ಶೆರೆಯ ಚಿತ್ರಗಳಲ್ಲಿ ದೀಪದ ಎಣ್ಣೆಯನ್ನು ಮಾರುವವಳೂ ನಗುಮುಖದ ತರುಣಿಯೇ, ನಾಟಕಶಾಲೆಗೆ ಕರೆಯುವವಳೂ ಅವಳೇ. ಅಲ್ಲಿ ದಣಿವೆಂಬುದಿಲ್ಲ. 1891ರಲ್ಲಿ ತುಲೂಜ್-ಲೋತ್ರೆಕ್ ಮೂಲ್ಯಾಂ ರೂಜ್ ನೃತ್ಯಶಾಲೆಗಾಗಿ ರಚಿಸಿದ ಭಿತ್ತಿಪತ್ರ ಇದಕ್ಕಿಂತ ನಿಷ್ಠುರವಾದುದು. ನಡುವೆ ಲಾ ಗೂಲ್ಯೂ ಎಂಬ ನರ್ತಕಿ ಬೆಳಕಿನಲ್ಲಿ ಕುಣಿಯುತ್ತಾಳೆ. ಹಿಂದೆ ಪ್ರೇಕ್ಷಕರು ಮುಖವಿಲ್ಲದ ಕಪ್ಪು ನೆರಳುಗಳಾಗಿ ನಿಂತಿದ್ದಾರೆ. ಈಕೆಯ ನಿಜನಾಮ ಲೂಯೀಸ್ ವೆಬರ್. ಈಕೆ ಮೊದಲು ಬಟ್ಟೆ ಒಗೆಯುವ ಕೆಲಸದಲ್ಲಿದ್ದವಳು. 1929ರಲ್ಲಿ ಬಡತನದಲ್ಲಿಯೇ ತೀರಿಕೊಂಡಳು. ಭಿತ್ತಿಪತ್ರ ಅವಳ ಬದುಕಿನ ಈ ಎರಡು ಕೊನೆಗಳನ್ನೂ ಬಿಟ್ಟು ನಡುವಣ ಒಂದು ಇರುಳನ್ನು ಮಾತ್ರ ಉಳಿಸಿಕೊಂಡಿದೆ.

ಬಿಟ್ಟುದನ್ನು ತೋರಿಸಿದವರೂ ಇಲ್ಲದಿಲ್ಲ. 1896ರಲ್ಲಿ ಸ್ಟೈನ್‌ಲೆನ್ ಒಬ್ಬ ಮುದ್ರಕನಿಗಾಗಿ ರಚಿಸಿದ 'ಬೀದಿ' ಎಂಬ ಬೃಹತ್ ಭಿತ್ತಿಪತ್ರದಲ್ಲಿ ಅಗಸಗಿತ್ತಿ, ಕೂಲಿಕಾರ, ಸಿರಿವಂತರು ಎಲ್ಲರೂ ಹೆಚ್ಚುಕಡಮೆ ಆಳೆತ್ತರಕ್ಕೆ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಗೋಡೆಯ ಮುಂದೆ ನಡೆಯುತ್ತಿದ್ದ ಜನ ಇಲ್ಲಿ ಗೋಡೆಯ ಮೇಲೆಯೇ ಬಂದಿದ್ದಾರೆ.

ಆದುದರಿಂದ ಭಿತ್ತಿಪತ್ರವನ್ನು ಸಮಾಜದ ಕನ್ನಡಿಯೆಂದು ಸರಾಗವಾಗಿ ಹೇಳುವುದು ಸಾಧುವಲ್ಲ. ಅದು ಮೊದಲು ತೋರುವುದು ಸಮಾಜದ ಬಯಕೆಯನ್ನು. ಯಾರು ಹಣ ಕೊಟ್ಟು ಬರೆಯಿಸಿದರು, ಯಾರಿಗಾಗಿ ಬರೆಯಿಸಿದರು, ಯಾರನ್ನು ಬಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗಲೇ ಅದು ಚರಿತ್ರಕಾರನಿಗೆ ನಂಬತಕ್ಕ ಸಾಕ್ಷಿಯಾಗುತ್ತದೆಂದು ನಾವು ಭಾವಿಸುತ್ತೇವೆ.